ಕಾಗೆ ಕೂಗುವ ಮೊದಲಿನ ನೀರು

ಹೊಳೆಯ ದಡದಲ್ಲಿ ಒಂದು ಮಠ. ಅಲ್ಲಿ ಗದ್ದುಗೆಯ ಪೂಜೆಗೆ ಕಾಗೆ ಕೂಗುವ ಮೊದಲು ತುಂಬಿದ ನೀರೇ ಆಗಬೇಕು. ತರುವವರು ಮಠದಲ್ಲಿ ನೆಲೆ ಪಡೆದ ಹೆಂಗಸರು.

ಕತ್ತಲಲ್ಲೇ ಅವರು ಗುಂಪಾಗಿ ಹೊರಡುವರು. ಕೊಡ ಬಡಿಯುತ್ತ, ಗಂಟಲು ಹರಿಯುವಂತೆ ಹಾಡುತ್ತ ಹೋಗುವರು.

ಶಿಷ್ಯ ಸಿದ್ಧವೀರನಿಗೆ ಇದರಿಂದ ಧ್ಯಾನ ಕೆಡುತ್ತಿತ್ತು. ಮಠದ ಕಟ್ಟುಪಾಡು ಅವನ ಕೈಯಲ್ಲಿತ್ತು. ದಿನಕ್ಕೊಬ್ಬಳೇ ಹೋಗಲಿ, ಬಾಯಿ ಬಿಡದೆ ಹೋಗಲಿ ಎಂದು ಅಪ್ಪಣೆ ಮಾಡಿದ.

ಮೊದಲ ಸರದಿ ಹೊನ್ನಾಜಮ್ಮನದು. ಗಂಡನ ಹೊಡೆತ ತಾಳದೆ ಮಠಕ್ಕೆ ಬಂದವಳು. ಹೊಳೆಗೆ ಹೋದವಳು ಬರಿಗೈಯಲ್ಲಿ ಬಂದಳು.

"ಕೊಡ ಎಲ್ಲಿ?"

"ಹೊಳೆ ಪಾಲಾಯ್ತು."

"ನಾಳೆ ಬೇರೆ ಕೊಡ ತಗೊಂಡು ಹೋಗು."

"ಒಬ್ಬಳೇ ಹೋಗಲ್ಲ ಸಾಮಿ."

"ಯಾಕೆ, ಅಲ್ಲೇನು ಹುಲಿ ಇದೆಯಾ?"

"ಹುಲಿ ಆಗಿದ್ದರೆ ಹೇಳ್ತಿದ್ದೆ."

ಸಿದ್ಧವೀರನಿಗೆ ಸಿಟ್ಟು ಬಂತು. "ಹೋಗದಿದ್ದರೆ ಮಠ ಬಿಟ್ಟು ನಡಿ. ಗಂಡನ ಮನೆ ದಾರಿ ಗೊತ್ತಲ್ಲ."

ಅವನು ನೇರ ಗುರುಗಳ ಬಳಿ ಹೋದ.

"ಅಂಜಿಕೆ ಹೆಂಗಸರಿಗೆ ಹುಟ್ಟುಗುಣ, ಬುದ್ಧಿ. ತಿದ್ದಿದರೂ ಹೋಗುವುದಿಲ್ಲ."

"ಹುಟ್ಟುಗುಣವೋ?"

"ಹೌದು ಬುದ್ಧಿ."

"ನಾಳೆ ನೀರಿಗೆ ನೀನು ಹೋಗು. ಸೀರೆ ಉಟ್ಟುಕೊಂಡು."

"ನಾನೇ? ಊರು ನಗುತ್ತದೆ."

"ನಗುವವರು ಅಷ್ಟು ಹೊತ್ತಿಗೆ ಎದ್ದಿರುವುದಿಲ್ಲ. ಎದ್ದಿರುವವರು ನಗುವುದಿಲ್ಲ. ಬಾಯಿ ಮಾತ್ರ ಬಿಡಬೇಡ. ಅಪ್ಪಣೆ ನಿನ್ನದೇ."

ಅಡುಗೆಮನೆಯ ಮುದುಕಿ ಸೀರೆ ಉಡಿಸಿದಳು.

"ದೊಡ್ಡ ಹೆಜ್ಜೆ ಇಡಬೇಡಿ ಸಾಮಿ. ತಲೆ ಎತ್ತಬೇಡಿ. ಎದೆ ಮುಂದಕ್ಕೆ ತರಬೇಡಿ."

"ಎಷ್ಟೊಂದು ಬೇಡ!"

"ಒಂದೇ ದಿನಕ್ಕೆ ಸಾಕಾಯ್ತಾ? ನಾವೇನು ಇದನ್ನೆಲ್ಲ ಅವ್ವನ ಹೊಟ್ಟೆಯಿಂದ ಕಲಿತು ಬಂದೆವಾ? ಬೆನ್ನಿಗೆ ಬಿದ್ದಿದ್ದಕ್ಕೆ ಕಲಿತೆವು."

ಸಿದ್ಧವೀರ ಮುಖದ ಮೇಲೆ ಸೆರಗು ಎಳೆದು ಹೊರಟ. ದಿನವೂ ಸ್ನಾನಕ್ಕೆ ನಡೆದ ದಾರಿ. ಕಣ್ಣು ಕಟ್ಟಿದರೂ ನಡೆದಾನು.

ಹುಣಸೆಮರ ದಾಟಿದಾಗ ಬೀಡಿಯ ವಾಸನೆ ಬಂತು.

ಅವನು ನಿಂತ. ಹಿಂದೆ ಒಂದು ಹೆಜ್ಜೆಯೂ ನಿಂತಿತು.

ನಡೆದ. ಅದೂ ನಡೆಯಿತು.

ತಿರುಗಿ ನೋಡಬೇಕೆನಿಸಿತು. ಕತ್ತು ತಿರುಗಲಿಲ್ಲ. ಓಡಿದರೆ ಸೀರೆ ಕಾಲಿಗೆ ತೊಡರುತ್ತದೆ. ಕೂಗಿದರೆ ಕೇಳುವವರಿಲ್ಲ. ಮುಂದೆ ಹೊಳೆ.

"ಇವತ್ತೂ ಒಬ್ಬಳೇ ಬಂದೆಯಾ?" ಕಿವಿಯ ಹತ್ತಿರವೇ ದನಿ. "ನಿನ್ನೆ ಕೊಡ ಬಿಸಾಕಿ ಓಡಿಬಿಟ್ಟೆ. ಇವತ್ತು ಎಲ್ಲಿಗೆ ಓಡ್ತೀಯೆ?"

ಸೊಂಟದ ಮೇಲೆ ಕೈ ಬಿತ್ತು. ಸಿದ್ಧವೀರನಿಗೆ ಶಿವಾ ಎನ್ನಲೂ ಉಸಿರು ಬರಲಿಲ್ಲ. ಇನ್ನೊಂದು ಕೈ ಸೆರಗಿನೊಳಗೆ ನುಗ್ಗಿತು. ಅದಕ್ಕೆ ಸಿದ್ಧವೀರನ ಗಡ್ಡ ತಾಗಿತು.

ಎರಡೂ ಕೈ ಕೆಂಡ ಮುಟ್ಟಿದಂತೆ ಹಿಂದೆ ಸರಿದವು. ಕಡ್ಡಿ ಗೀರಿದ ಸದ್ದು. ಬೆಳಕಿನಲ್ಲಿ ಕಂಡವನು ಪುಟ್ಟಮಾದಪ್ಪ. ಗದ್ದುಗೆಯ ದೀಪಕ್ಕೆ ಎಣ್ಣೆ ಕೊಡುವ ಭಕ್ತ. ಸೋಮವಾರ ಬಂದರೆ ಗುರುಗಳ ಪಾದ ತೊಳೆಯುವವನು.

"ಅಯ್ಯೋ ಸಾಮಿ, ನೀವಾ! ಇದೇನು ವೇಷ?" ದೊಪ್ಪನೆ ಕಾಲಿಗೆ ಬಿದ್ದ. "ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ."

ಸಿದ್ಧವೀರ ಮರಳಿದಾಗ ಕೊಡದಲ್ಲಿ ಅರ್ಧ ನೀರಿತ್ತು. ಉಳಿದದ್ದು ಸೀರೆಯ ಮೇಲಿತ್ತು. ಗುರುಗಳು ಜಗಲಿಯಲ್ಲಿ ಕೂತಿದ್ದರು.

"ಯಾಕೆ ನಡುಗುತ್ತೀಯ?"

ಅವನು ಎಲ್ಲವನ್ನೂ ಹೇಳಿದ.

"ಕಾಲಿಗೆ ಬಿದ್ದನೋ?"

"ಬಿದ್ದ ಬುದ್ಧಿ. ತಪ್ಪಾಯಿತು ಎಂದ."

"ಏನು ತಪ್ಪಾಯಿತಂತೆ?"

"ಹೆಂಗಸು ಅಂದುಕೊಂಡುಬಿಟ್ಟೆ ಎಂದ."



"ನೀನೇನೆಂದೆ?"

"ಗಾಬರಿಯಲ್ಲಿದ್ದೆ ಬುದ್ಧಿ. ಹೋಗಲಿ ಬಿಡು, ಕ್ಷಮಿಸಿದ್ದೇನೆ ಎಂದೆ."

ಗುರುಗಳು ಜಗಲಿಯ ಆ ತುದಿಗೆ ಕೈ ತೋರಿದರು.

"ಹೊನ್ನಾಜಮ್ಮ ಗಂಟು ಕಟ್ಟಿಕೊಂಡು ಕೂತಿದ್ದಾಳೆ. ಅವನನ್ನು ಕ್ಷಮಿಸಿದ್ದೇನೆ ಅಂತ ಅವಳಿಗೂ ಹೇಳಿ ಬಾ."