ದಿಬ್ಬದವ್ವನ ನೆತ್ತಿ

ಸಂಕವ್ವನ ಕೈಲಿ ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ಊರ ಗೌಡರು. ಆಮೇಲೆ ಅವಳ ಸ್ವಂತ ಅಣ್ಣ. ದಿಬ್ಬದವ್ವನ ಪೂಜೆ ಮಾಡುವ ಭರಮವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಗುಡ್ಡದ ಒರತೆಯಿಂದ ಮಠದ ತೊಟ್ಟಿಗೆ ನೆಲದೊಳಗೆ ಒಂದು ಹಳೆಯ ನೀರಿನ ಸಾಲು ಇತ್ತು. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಬಾಯಿಗೆ ಒಂದು ಸೇರಿಸಿ, ಗಾರೆ ಹಾಕಿ ಹೂತದ್ದು. ಹೂತವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಆ ಬೇಸಗೆಯಲ್ಲಿ ತೊಟ್ಟಿಗೆ ಬೀಳುವ ನೀರು ಸಣ್ಣಗಾಯಿತು. ಹನಿಯಾಯಿತು. ನಿಂತೇಹೋಯಿತು.

ಪೇಟೆಯ ಭಕ್ತರು ಬಂದು ಮಠದ ಅಜ್ಜನವರಿಗೆ ಹೇಳಿದರು: "ನೀರಿಲ್ಲದ ಜಾಗಾದಾಗ ನಿಮ್ಮನ್ನ ಬಿಡೂದಿಲ್ರಿ. ಅಮಾಸಿಗೆ ಗಾಡಿ ತರ್ತೀವಿ. ಪೇಟಿ ಮಠಕ್ಕ ನಡೀರಿ."

ಅಜ್ಜನವರು ಒಣಗಿದ ತೊಟ್ಟಿಯ ಕಡೆ ನೋಡಿದರು.

ಸಂಕವ್ವ ಎದ್ದು ನಿಂತಳು. "ಅಮಾಸಿ ಒಳಗ ನಾ ನೀರು ತರ್ತೀನ್ರಿ. ಅಜ್ಜಾರು ಎಲ್ಲಿಗೂ ಬರೂದಿಲ್ಲ."

ಆ ಮಠ ಬಿಟ್ಟರೆ ಅವಳು ಕೂತು ಪ್ರಶ್ನೆ ಕೇಳಬಹುದಾದ ಜಾಗ ಇನ್ನೊಂದಿರಲಿಲ್ಲ.

ಮರುದಿನ ಗುದ್ದಲಿ ಹಿಡಿದು ಹೊರಟವಳನ್ನು ಅಜ್ಜನವರು ಕೇಳಿದರು: "ಎಲ್ಲಿ ಅಗೀತಿ?"

"ಹುಲ್ಲು ಹಸರ ಇದ್ದಲ್ಲಿ. ಅಲ್ಲೇ ಒಡದಿರಬೇಕು."

"ಹುಲ್ಲಿಗೆ ಗೊತ್ತೇನು, ಎಲ್ಲಿ ಒಡದೈತಿ ಅಂತ?"

"ಮತ್ತ ಯಾರಿಗೆ ಗೊತ್ರಿ?"

"ನನಗಂತೂ ಇಲ್ಲ. ಅಗದು ನೋಡು. ಕಂಡದ್ದು ಬಂದು ಹೇಳು."

ಹಸಿರಿದ್ದಲ್ಲಿ ಅಗೆದಳು. ಕೊಳವೆ ಗಟ್ಟಿಯಾಗಿತ್ತು. ಬೆರಳ ಗೆಣ್ಣಿನಿಂದ ತಟ್ಟಿದಳು. ಸಂತೆಯಲ್ಲಿ ಆರಿಸುವ ಹೊಸ ಗಡಿಗೆಯ ಹಾಗೆ ಟಣ್ ಎಂದಿತು. ಮೇಲೆ ಒರತೆಯ ಬಳಿ ಅಗೆದು ತಟ್ಟಿದಳು. ತುಂಬಿದ ಕೊಡ ತಟ್ಟಿದ ಸದ್ದು. ಅವಳಿಗೆ ಹಸಿವು ಮರೆತುಹೋಯಿತು. ತಟ್ಟುತ್ತ ತಟ್ಟುತ್ತ ಇಳಿದು ಬಂದಳು. ತುಂಬಿದ ಸದ್ದು, ತುಂಬಿದ ಸದ್ದು. ನಡುವಿನ ದಿಬ್ಬ ದಾಟಿದ್ದೇ ಖಾಲಿ ಸದ್ದು.

ಓಡಿ ಬಂದಳು. "ಸಿಕ್ತ್ರಿ ಅಜ್ಜಾರ! ನೀರು ದಿಬ್ಬದ ತನಕ ಐತಿ. ದಾಟವಲ್ದು."

"ಯಾಕ ದಾಟವಲ್ದು?"

"ಬೇರು ಹೊಕ್ಕಿರಬೇಕು. ಅಷ್ಟು ದೂರ ಹಳೇದು ತಗದು ಹೊಸಾ ಪೈಪು ಹಾಕ್ತೀನಿ."

"ನಾ ಕೇಳಿದ್ದು ಅದಲ್ಲ," ಎಂದರು ಅಜ್ಜನವರು. ಅವಳು ಆಗಲೇ ಬಾಗಿಲು ದಾಟಿದ್ದಳು.

ಆ ದಿಬ್ಬದ ಮೇಲೆ ದಿಬ್ಬದವ್ವ ಇದ್ದಳು. ಆಳೆತ್ತರದ ಕಲ್ಲು, ಒಳಗೆ ಉದ್ದಕ್ಕೂ ತೂತು, ಬುಡ ನೀರಿನ ಸಾಲಿನ ಮೇಲೆ. ಹಿಂದೆಲ್ಲ ಹೆಂಗಸರು ಕಟ್ಟೆ ಹತ್ತಿ, ಅವ್ವನ ನೆತ್ತಿಯ ತೂತಿಗೆ ಕಿವಿಯಿಟ್ಟು ಮನಸ್ಸಿನಲ್ಲಿದ್ದದ್ದು ಕೇಳುತ್ತಿದ್ದರು. ಅವ್ವ ಸ್ಸ್ ಎಂದರೆ ಮದುವೆ ಕೂಡಿಬರುತ್ತದೆ, ಎಮ್ಮೆ ಈಯುತ್ತದೆ.

ಈ ಸಂಕ್ರಾಂತಿಗೆ ಸಂಕವ್ವ ಆ ನೆತ್ತಿಗೆ ಹಿತ್ತಾಳೆಯ ಕಲಶ ಕೂರಿಸಿದ್ದಳು. ಅಲುಗದ ಹಾಗೆ ಸುತ್ತ ಗಾರೆ ಮೆತ್ತಿಸಿದ್ದಳು. ಕಲಶದ ಮೇಲೆ ಅವಳ ಹೆಸರಿತ್ತು. ಯಾರೂ ಕಲಿಸದೆ, ತಾನೇ ಅಕ್ಷರ ಕೂಡಿಸಿ ಓದಲು ಕಲಿತವಳು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಹೆಸರನ್ನು ಒಮ್ಮೆ ಓದಿಯೇ ಮುಂದೆ ಹೋಗುತ್ತಿದ್ದಳು.

ಅಂದಿನಿಂದ ಅವ್ವ ಮಾತಾಡಿರಲಿಲ್ಲ. ತೃಪ್ತಳಾಗಿದ್ದಾಳೆ ಎಂದು ಭರಮವ್ವ ಎಲ್ಲರಿಗೂ ಹೇಳಿದ್ದಳು.

ಸಂಕವ್ವ ದಿಬ್ಬದಲ್ಲಿ ಅಗೆಯಲು ಬಂದಾಗ ಭರಮವ್ವ ಅಡ್ಡ ನಿಂತಳು. "ಹೊಸಾ ಪೈಪು ಹಾಕು, ಬ್ಯಾಡ ಅನ್ನೂದಿಲ್ಲ. ಆದ್ರ ಅದು ಅವ್ವನ ಪಾದ ಮುಟ್ಟಿರಬೇಕು. ಹಿರೇರು ಹಂಗ ಮಾಡ್ಯಾರ."

"ಯಾಕ ಮುಟ್ಟಬೇಕು?"

"ಅಯ್ಯ, ಯಾಕ ಅಂತ ಕೇಳ್ತಾಳ! ಅವ್ವನ ಪಾದ ಮುಟ್ಟಾಕ ಒಂದು ಯಾಕ ಬ್ಯಾರೆ ಬೇಕೇನ?"

ಹಳೆಯ ಕೊಳವೆ ತೆಗೆದು ನೋಡಿದಳು. ಒಳಗೆ ಬೇರಿಲ್ಲ, ಹೂಳಿಲ್ಲ. ಆದರೂ ಹೊಸ ಕರಿ ಪೈಪು ಹಾಕಿದಳು. ಭರಮವ್ವ ಹೇಳಿದ ಹಾಗೆ, ಪೈಪಿನ ಬೆನ್ನಿಗೆ ಒಂದು ತೂತು ಕೊರೆದು ಅವ್ವನ ಬುಡದ ತೂತಿಗೆ ಕೂಡಿಸಿದಳು. ಕೂಡಿಸಿದಲ್ಲೆಲ್ಲ ಇರುವೆಯೂ ನುಸುಳದ ಹಾಗೆ ಮುಚ್ಚಿದಳು.

ನೀರು ದಿಬ್ಬಕ್ಕೆ ಬಂತು. ಅಲ್ಲೇ ನಿಂತಿತು.

ಗೌಡರು ನೋಡಲು ಬಂದರು. "ಏನವ್ವಾ ಇಂಜಿನಿಯರ್ ಸಂಕವ್ವ, ನೀರು ಎಲ್ಲಿಗೆ ಬಂತು?"

"ದಿಬ್ಬಕ್ಕ."

"ದಿಬ್ಬಕ್ಕ ನಾನೂ ಬಂದೀನಲ್ಲ. ಮುಂದ?"

ಅಮಾವಾಸ್ಯೆಯ ಮುಂಚಿನ ದಿನ ಮಧ್ಯಾಹ್ನ ಅವಳು ಮಣ್ಣುಗೈಯಲ್ಲೇ ಬಂದು ಅಜ್ಜನವರ ಎದುರು ಕೂತಳು. ಮಠದ ಅಂಗಳದಲ್ಲಿ ಹೆಂಗಸರು ಹೊತ್ತು ತಂದ ಒಂದು ಹಂಡೆ ನೀರಿತ್ತು. ಅಜ್ಜನವರು ಒಣಗಿದ ಸೋರೆ ಬುರುಡೆಯೊಂದನ್ನು ಅವಳ ಮುಂದಿಟ್ಟರು.

"ಇದನ್ನ ಹಂಡೇದಾಗ ಮುಳುಗಿಸಿ ತುಂಬು. ಬಾಯಿ ಮಾತ್ರ ನೆಟ್ಟಗ ಕೆಳಗಿರಲಿ."

ಒತ್ತಿದಳು. ಬುರುಡೆ ಮೇಲೆ ಬಂತು. ಎರಡು ಕೈಯಿಂದ ಒತ್ತಿ ಮುಳುಗಿಸಿದಳು. ತುಂಬಲಿಲ್ಲ.

"ತುಂಬವಲ್ದ್ರಿ."

"ಒಳಗ ಏನೈತಿ?"

"ಏನೂ ಇಲ್ರಿ."

"ಏನೂ ಇಲ್ಲದಲ್ಲಿ ನೀರು ಯಾಕ ಹೋಗವಲ್ದು?"

ಸಂಕವ್ವ ಬುರುಡೆ ಎತ್ತಿ ಒಳಗೆ ಇಣುಕಿದಳು. ಮತ್ತೆ ಮುಳುಗಿಸಿದಳು. ಹಂಡೆಯ ಮುಂದಿನಿಂದ ಏಳಲೇ ಇಲ್ಲ. ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿತು.

"ಅಜ್ಜಾರ, ಇದರ ಬುಡಕ್ಕ ಒಂದು ತೂತು ಹೊಡೀಲ್ಯಾ?"

"ಹೊಡದ್ರ ಆಮ್ಯಾಲೆ ಅದರಾಗ ನಾ ನೀರು ಹ್ಯಾಂಗ ಒಯ್ಯಲಿ?"

"ಬ್ಯಾರೆ ಬುರುಡಿ ತಂದು ಕೊಡ್ತೀನ್ರಿ."

"ಹಂಗಾದ್ರ ಹೊಡಿ."

ದಬ್ಬಣದಿಂದ ಚುಚ್ಚಿದಳು. ಮುಳುಗಿಸಿ, ಏನಾಗುತ್ತದೋ ಎಂದು ಮುಖ ಹತ್ತಿರ ತಂದಳು. ಕೆನ್ನೆಗೆ ತಣ್ಣನೆಯ ಗಾಳಿಯ ಎಳೆಯೊಂದು ತಾಗಿತು.

ಸ್ಸ್.

ಬುರುಡೆ ಕೈಯಲ್ಲೇ ಭಾರವಾಗುತ್ತ ಹೋಯಿತು. ಸಂಕವ್ವ ಅಲುಗಲಿಲ್ಲ. ಆ ಸದ್ದು ಅವಳಿಗೆ ಗೊತ್ತಿತ್ತು. ಹುಡುಗಿಯಾಗಿದ್ದಾಗ ಕಟ್ಟೆ ಹತ್ತಿ ಕೇಳಿದ್ದಳು.

"ಅಜ್ಜಾರ, ಇದು ದಿಬ್ಬದವ್ವನ ಮಾತು!"

"ಹೌದಾ? ಏನಂತಾಳ?"

"ನಾ ಹೊರಗ ಹೋಗೂತನಕ ನೀರು ಮುಂದ ಹೋಗೂದಿಲ್ಲ ಅಂತಾಳ."

ಬೆಳಗ್ಗೆ ಪೇಟೆಯ ಗಾಡಿ ಮಠದ ಮುಂದೆ ನಿಂತಾಗ ಸಂಕವ್ವ ಉಳಿ, ಸುತ್ತಿಗೆ ಹಿಡಿದು ದಿಬ್ಬದವ್ವನ ಕಟ್ಟೆಯ ಮೇಲಿದ್ದಳು. ಭರಮವ್ವ ಕೆಳಗಿನಿಂದ ಅವಳ ಸೀರೆ ಎಳೆಯುತ್ತಿದ್ದಳು.

"ಕಲಶಕ್ಕ ಸುತ್ತಿಗಿ ಹಚ್ತೀಯೇನ? ಅದರ ಮ್ಯಾಲೆ ನಿನ್ನ ಹೆಸರೇ ಐತಲ್ಲೇ!"

"ಐತಿ."

"ಅದನ್ನ ತಗದ್ರ ಇಲ್ಲಿ ನಿನ್ನ ಹೆಸರು ಹೇಳವರು ಯಾರು?"

ಸಂಕವ್ವ ಒಂದು ಗಳಿಗೆ ಸುತ್ತಿಗೆ ಇಳಿಸಿದಳು. ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದಳು. ಕಲಶ ಉಳಿಸಿಕೊಂಡು ಗಾರೆ ಮಾತ್ರ ಬಿಡಿಸಲು ನೋಡಿದಳು. ಗಾರೆ ಕಲ್ಲಾಗಿತ್ತು. ಎತ್ತಿ ಹೊಡೆದಳು. ಹಿತ್ತಾಳೆ ಒಳಗೆ ಕುಸಿಯಿತು. ಮತ್ತೆ ಹೊಡೆದಳು. ಕಲಶ ಸೀಳಿ ಬಿತ್ತು.

ಅವ್ವ ಉಸಿರು ಬಿಟ್ಟಳು. ಅಷ್ಟು ಉದ್ದನೆಯ ಉಸಿರನ್ನು ಅಲ್ಲಿದ್ದ ಯಾವ ಹೆಂಗಸೂ ಕೇಳಿರಲಿಲ್ಲ. ಭರಮವ್ವ ಸೀರೆ ಬಿಟ್ಟು ಕೈ ಮುಗಿದಳು. ಆಮೇಲೆ ಅವರ ಕಾಲಡಿಯಲ್ಲಿ, ನೆಲದೊಳಗೆ, ಏನೋ ಗುಳುಗುಳು ಎನ್ನುತ್ತ ಮಠದ ಕಡೆ ಹೋಯಿತು.

ಮಠದಲ್ಲಿ ಭಕ್ತರು ಅಜ್ಜನವರ ಕಂಬಳಿಯನ್ನು ಗಾಡಿಗೆ ಏರಿಸಿದ್ದರು. ತೊಟ್ಟಿಯ ಬಾಯಿ ಕೆಮ್ಮಿತು. ಮಣ್ಣು ಉಗುಳಿತು. ನೀರು ಬಿತ್ತು. ಭಕ್ತರು ಕಂಬಳಿ ಇಳಿಸಿದರು.

ಸಂಕವ್ವ ಬಂದು ತೊಟ್ಟಿಯಲ್ಲಿ ಕೈ ತೊಳೆದಳು.

"ಅಜ್ಜಾರ, ಕಲಶದ್ದು ನಿಮಗ ಮೊದಲೇ ಗೊತ್ತಿತ್ತೇನ್ರಿ?"

"ಇಲ್ಲವ್ವ. ಬುರುಡಿ ಯಾಕ ತುಂಬವಲ್ದು ಅಂತ ನನಗೂ ತಿಳೀಬೇಕಾಗಿತ್ತು."

ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಮಡಿಲಲ್ಲಿ ಸೀಳಿದ ಹಿತ್ತಾಳೆ ಇತ್ತು. ತಿರುಗಿಸಿ ನೋಡಿದಳು. ಯಾವ ಅಕ್ಷರವೂ ಪೂರ್ತಿ ಇರಲಿಲ್ಲ.

"ನೀರು ಎಲ್ಲಾರಿಗೂ ಬಂತ್ರಿ. ನನ್ನದು ಅಂತ ಇಲ್ಲಿ ಏನೂ ಉಳೀಲಿಲ್ಲ."

ಅಜ್ಜನವರು ತೊಟ್ಟಿಯಿಂದ ಬೊಗಸೆ ನೀರು ಎತ್ತಿ ಕುಡಿದರು.

"ಅವ್ವನ ನೆತ್ತಿ ಮ್ಯಾಲೆ ಒಂದು ತೂತು ಐತಿ ನಿನ್ನದು, ಸಂಕವ್ವ. ಹೆಸರು ಕೊಟ್ಟು ತಗೊಂಡೀ."