ಬೋರಲು ಬಿದ್ದ ಬಾನಿ

“ಗುರುಗಳೇ, ಮಠ ಪಕ್ಕದ ಊರಿಗೆ ಹೋಗುವ ವಿಷಯವನ್ನು ಎಲ್ಲ ಸಿದ್ಧವಾದ ಮೇಲೆ ಇಲ್ಲಿಯವರಿಗೆ ತಿಳಿಸಿದರೆ ಸಾಲದೇ? ಈಗಲೇ ಹೇಳಿ ಅವರ ನೆಮ್ಮದಿ ಯಾಕೆ ಕೆಡಿಸಬೇಕು?” ಎಂದು ಶಿಷ್ಯ ಕೇಳಿದ. ಮಠ ಸಾಗಿಸುವ ಹೊಣೆಯನ್ನು ಗುರುಗಳು ಅವನಿಗೇ ವಹಿಸಿದ್ದರು.

ಗುರುಗಳು ಒಂದು ಕತೆ ಹೇಳಿದರು.

ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯ ಯಜಮಾನನೊಬ್ಬನಿದ್ದ. ಅವನಲ್ಲಿ ಅಜ್ಜನ ಕಾಲದ, ನೀಲಿ ಬಣ್ಣದ ನೀರು ತುಂಬಿದ ಒಂದು ದೊಡ್ಡ ಬಾನಿ ಇತ್ತು. ನೂಲು ಅದ್ದುವ ಆ ನೀರನ್ನು ಎಂದೂ ಪೂರ್ತಿ ಚೆಲ್ಲಿದ್ದಿಲ್ಲ. ದಿನವೂ ಸುಣ್ಣ, ಬೆಲ್ಲ ಉಣಿಸಿ, ಕದಡಿ, ಬದುಕಿಸಿಕೊಂಡು ಬಂದಿದ್ದರು. ಮೊಸರಿಗೆ ಹೆಪ್ಪು ಹೇಗೋ, ಹೊಸ ಬಾನಿಗೆ ಹಳೆಯ ಬಾನಿಯ ನೀರು ಹಾಗೆ. ಅದಿಲ್ಲದೆ ಆ ಮನೆಯ ನೀಲಿ ಮತ್ತೆ ಹುಟ್ಟುವಂತಿರಲಿಲ್ಲ. ಬಾನಿಯನ್ನು ನೋಡಿಕೊಳ್ಳುತ್ತಿದ್ದವನು ಒಬ್ಬ ಮುದುಕ, ಯಜಮಾನನನ್ನು ಎತ್ತಿ ಆಡಿಸಿದವನು.

ಊರಿನ ಕೆರೆಯ ನೀರು ಕೆಟ್ಟಿತು. ಯಜಮಾನ ಹೊಳೆಯ ದಂಡೆಯಲ್ಲಿ ಹೊಸ ಬಣ್ಣದ ಮನೆ ಕಟ್ಟಿಸತೊಡಗಿದ. ಎಲ್ಲರನ್ನೂ ಅಲ್ಲಿಗೆ ಕರೆದೊಯ್ಯುವ ಮನಸ್ಸು ಅವನದು. ಆದರೆ ಬಾಯಿ ಬಿಡಲಿಲ್ಲ. ಮುಹೂರ್ತದ ದಿನ ಹೇಳಿದರಾಯಿತು, ಹಿಗ್ಗಿ ಹೋಗುತ್ತಾರೆ ಎಂದುಕೊಂಡ. ದೊಡ್ಡ ಜಾಣ!

ಕೆಲಸದವರಿಗೆ ಕಣ್ಣಿರಲಿಲ್ಲವೇ? ತಾಮ್ರದ ಹಂಡೆಗಳು ಗಾಡಿ ಏರಿ ಹೋದವು. ಸೋರುವ ಮಾಡು ಹಾಗೇ ಸೋರುತ್ತಿತ್ತು. ಕೇಳಿದರೆ ಯಜಮಾನ “ನೋಡೋಣ, ನೋಡೋಣ” ಎಂದು ಮುಖ ತಿರುಗಿಸುತ್ತಿದ್ದ. ಊಟಕ್ಕೆ ಅವರ ಜೊತೆಯಲ್ಲೇ ಕೂರುತ್ತಿದ್ದವನು, ಗುಟ್ಟು ಎಲ್ಲಿ ಬಾಯಿ ತಪ್ಪಿ ಬಂದೀತೋ ಎಂದು ಅದನ್ನೂ ಬಿಟ್ಟ.

ಮುಹೂರ್ತದ ಬೆಳಿಗ್ಗೆ, ಹೊಸ ಬಾನಿಗೆ ಹಳೆಯ ನೀರು ಒಯ್ಯಲು ಅವನು ಕೊಡ ಹಿಡಿದು ಬಂದ. ಅಂಗಳವೆಲ್ಲ ನೀಲಿಯಾಗಿತ್ತು. ಬಾನಿ ಬೋರಲು ಬಿದ್ದಿತ್ತು. ಮುದುಕ ಅದರ ಪಕ್ಕದಲ್ಲಿ ಕೂತು ಅಳುತ್ತಿದ್ದ.

“ಏನು ಮಾಡಿಬಿಟ್ಟೆ ಮಾಮ?”

“ಬಣ್ಣದ ಮನೆ ಮುಚ್ಚುವಾಗ ಬಾನಿಯನ್ನ ಕೊಳೆಯೋಕೆ ಬಿಡಬಾರದಪ್ಪ. ಯಜಮಾನನೇ ತನ್ನ ಕೈಯಾರೆ ಚೆಲ್ಲಬೇಕು, ಅದು ಪದ್ಧತಿ. ನಿನ್ನ ಕೈಲಿ ಆಗೋದಿಲ್ಲ ಅಂತ ನಾನೇ ಚೆಲ್ಲಿದೆ.”

“ಮುಚ್ಚುತ್ತೇವೆ ಅಂತ ನಿನಗೆ ಯಾರು ಹೇಳಿದರು?”

“ಯಾರೂ ಏನೂ ಹೇಳಲಿಲ್ಲವಲ್ಲಪ್ಪ.”

ಯಜಮಾನ ಹೊಸ ಮನೆಯ ಸುದ್ದಿಯನ್ನು ಆಗ ಹೇಳಿದ. ಮುದುಕ ತನ್ನ ನೀಲಿ ಕೈಗಳನ್ನು ನೋಡಿಕೊಂಡ. ಆಮೇಲೆ ಆ ಕೈ ಯಾವ ಬಾನಿಯನ್ನೂ ಮುಟ್ಟಲಿಲ್ಲ. ಹೊಸ ಮನೆಯಲ್ಲಿ ನೀಲಿಯೇನೋ ಬಂತು, ಆ ನೀಲಿ ಬರಲಿಲ್ಲ. ಯಜಮಾನನಿಗೆ ಸಾಯುವವರೆಗೂ ಆ ದುಃಖ ಹೋಗಲಿಲ್ಲ. ಬಾನಿಗಿಂತ ಮುದುಕನಿಗಾಗಿಯೇ ಹೆಚ್ಚು ಅತ್ತ.

ಶಿಷ್ಯ, “ಪಾಪ. ಆದರೆ ನಮ್ಮ ಮಠದಲ್ಲಿ ಇನ್ನೂ ಯಾರಿಗೂ ಸುಳಿವೇ ಸಿಕ್ಕಿಲ್ಲ ಗುರುಗಳೇ” ಎಂದ.

“ಮಾವಿನಕಾಯಿಯ ಕಾಲ ಮುಗಿಯುತ್ತ ಬಂತು, ಅಡುಗೆಮನೆಯವರು ಈ ವರ್ಷ ಉಪ್ಪಿನಕಾಯಿ ಯಾಕೆ ಹಾಕಲಿಲ್ಲ, ಕೇಳಿದೆಯಾ?” ಎಂದರು ಗುರುಗಳು.