ಸಾಕು ಎಂದಾಗ ನಿಂತ ಕೈ

“ಗುರುಗಳೇ, ಬರೀ ಅಭ್ಯಾಸಕ್ಕೆಂದು ಮಲಗಿದವನನ್ನು ಅಷ್ಟು ನೋಯಿಸಬೇಕೇ?” ಎಂದು ಶಿಷ್ಯ ಕೇಳಿದ. ರಣರಂಗದ ಶುಶ್ರೂಷೆ ಕಲಿಯಲು ಬಂದವನು ಅವನು. ಗುರುಗಳು ಹೇಳಿದಷ್ಟು ಬಿಗಿಯಾಗಿ ಪಟ್ಟಿ ಕಟ್ಟಿದ್ದಕ್ಕೆ ಜೊತೆಗಾರ ಅತ್ತುಬಿಟ್ಟಿದ್ದ.

ಗುರುಗಳು ಒಂದು ಕತೆ ಹೇಳಿದರು.

ಸೈನ್ಯದಲ್ಲಿ ಒಬ್ಬ ಶುಶ್ರೂಷಕನಿದ್ದ. ಗಾಯಗೊಂಡವರ ರಕ್ತ ನಿಲ್ಲಿಸುವುದು ಅವನ ಕೆಲಸ. ತೊಡೆಗೆ ಪಟ್ಟಿ ಸುತ್ತಿ, ಅದಕ್ಕೆ ಸಿಕ್ಕಿಸಿದ ಕಡ್ಡಿಯನ್ನು ತಿರುವುತ್ತ ಹೋದರೆ ರಕ್ತ ನಿಲ್ಲುತ್ತದೆ. ಇದನ್ನು ಅವನು ತನ್ನ ಜೀವದ ಗೆಳೆಯನ ಕಾಲಿನ ಮೇಲೆ ನೂರಾರು ಸಲ ಅಭ್ಯಾಸ ಮಾಡಿದ್ದ. ಗೆಳೆಯ “ಸಾಕು ಕಣೋ” ಎಂದೊಡನೆ ಕೈ ನಿಲ್ಲಿಸುತ್ತಿದ್ದ. ಸ್ನೇಹವೆಂದ ಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ? ಅಭ್ಯಾಸದಲ್ಲಿ ಹತ್ತು ನಿಮಿಷಕ್ಕೆ ಹೆಲಿಕಾಪ್ಟರ್ ಬರುತ್ತಿತ್ತು. ಗಾಯಾಳು ತಾನೇ ಎದ್ದು ಹತ್ತುತ್ತಿದ್ದ. ಮೇಲಧಿಕಾರಿಗಳು ಭೇಷ್ ಎಂದು ಚಹಾ ಕೊಡಿಸುತ್ತಿದ್ದರು.

ಯುದ್ಧ ಬಂತು. ಸಿಡಿಗುಂಡಿನ ಚೂರು ಆ ಗೆಳೆಯನ ತೊಡೆಗೇ ಹೊಕ್ಕಿತು. ಶುಶ್ರೂಷಕ ಪಟ್ಟಿ ಸುತ್ತಿದ, ಕಡ್ಡಿ ತಿರುವಿದ.

“ಸಾಕು ಕಣೋ, ಸಾಕು” ಎಂದ ಗೆಳೆಯ.

ಕೈ ನಿಂತಿತು. ಯೋಚಿಸಿ ನಿಲ್ಲಿಸಿದ್ದಲ್ಲ, ರೂಢಿಯಾದ ಕೈ ತಾನಾಗಿ ನಿಂತಿತು. ನೋವು ಮರೆಸುವ ಚುಚ್ಚುಮದ್ದು ಕೊಟ್ಟ ಮೇಲೆ ಗೆಳೆಯ ಮಂಪರಿನಲ್ಲಿ ಕಣ್ಣು ಮುಚ್ಚಿದ. ಮೇಲೆ ವೈರಿಯ ಡ್ರೋನ್‌ಗಳು ಸುತ್ತುತ್ತಿದ್ದವು, ಹೆಲಿಕಾಪ್ಟರ್ ಬರುವಂತಿರಲಿಲ್ಲ. ಹತ್ತು ನಿಮಿಷ ಹೋಗಿ ಐದು ತಾಸಾಯಿತು. ರಕ್ತ ಹರಿಯಲಿಲ್ಲ, ಜಿನುಗಿತು. ಕೆಳಗಿನ ಮರಳು ಅದನ್ನು ಹೀರಿಕೊಂಡಿತು. ಕಟ್ಟಿದ ಪಟ್ಟಿಯನ್ನು ಮತ್ತೆ ಮತ್ತೆ ನೋಡುವ ಅಭ್ಯಾಸವೇ ಅವನಿಗೆ ಇರಲಿಲ್ಲ. ಅಭ್ಯಾಸದ ದಿನಗಳಲ್ಲಿ ಆ ಹೊತ್ತಿಗೆಲ್ಲ ಚಹಾ ಬಂದಿರುತ್ತಿತ್ತು. ಗೆಳೆಯನಿಗೆ ನಿದ್ದೆ ಹತ್ತಿದೆ ಎಂದುಕೊಂಡಿದ್ದ. ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು. ಅಯ್ಯೋ, ಇನ್ನೆರಡು ಸುತ್ತು ತಿರುವಿದ್ದರೆ ಉಳಿಯುತ್ತಿದ್ದ.

ರಜೆ ಸಿಕ್ಕಾಗ ಶುಶ್ರೂಷಕ ಗೆಳೆಯನ ಮನೆಗೆ ಹೋದ. ತಪ್ಪನ್ನು ಒಪ್ಪಿಕೊಳ್ಳಬೇಕೆಂದೇ ಹೋದ. ಗೆಳೆಯನ ತಾಯಿ ಎಲೆ ಹಾಕಿ ಅನ್ನ ಬಡಿಸಿ ಎದುರಿಗೆ ಕೂತಳು.

“ಕೊನೇಲಿ ನನ್ ಮಗ ಏನಂದ್ನಪ್ಪಾ?”

“ಸಾಕು ಅಂದ್ನಮ್ಮಾ.”

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸದ್ಯ, ತೃಪ್ತಿಯಾಗಿ ಹೋದ ಬಿಡು” ಎಂದಳು. ಆ ಮಾತಿಗೆ ಅವಳ ಮುಖ ಎಷ್ಟೋ ಹಗುರಾಯಿತು. ಮತ್ತೆ ಅನ್ನ ಬಡಿಸಿದಳು. ಎಲೆ ತುಂಬುತ್ತ ಬಂತು. ಕೈ ಅಡ್ಡ ಹಿಡಿದು ಸಾಕು ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆಮೇಲಾದರೂ ಅವನು ಆ ತಾಯಿಗೆ ನಿಜ ಹೇಳಿದನೇ?”

“ಇಲ್ಲಪ್ಪ” ಎಂದರು ಗುರುಗಳು, “ಬಡಿಸಿದ್ದನ್ನೆಲ್ಲ ಉಂಡು ಎದ್ದು ಬಂದೆ.”